ತಂಗಿಯ ರೇಂಜ್

ತಂಗಿ ಕರಾವಳಿಯ ಬ್ಯಾಂಕಿಗೆ ವರ್ಗವಾದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಮಾತು: "ರೇಂಜಿಗೆ ಹೊಂಟಿದೀನಿ." ನ್ಯಾಮತಿಯಲ್ಲಿ ನಮಗೆ ರೇಂಜ್ ಅಂದರೆ ಅರಣ್ಯ ಇಲಾಖೆಯ ಕಚೇರಿ. ಅಮ್ಮನಿಗೆ ದಿಗಿಲು. "ಭಾನುವಾರ ಆ ಆಫೀಸಿನಾಗೆ ಇವಳಿಗೇನು ಕೆಲ್ಸ ಐತೆ? ಯಾವನೋ ಫಾರೆಸ್ಟರು ಇರಬೇಕು, ಕೇಳೇ" ಎಂದು ನನ್ನ ಬೆನ್ನು ಬಿದ್ದಳು. ಕೇಳಿದೆ. ತಂಗಿ ಬಿದ್ದು ಬಿದ್ದು ನಕ್ಕು ಫೋಟೊ ಕಳಿಸಿದಳು. ಕೈಯಲ್ಲಿ ಬಿಲ್ಲು, ಎದುರಿಗೆ ಬಣ್ಣದ ಗುರಿಹಲಗೆ. ಬಿಲ್ವಿದ್ಯೆಯ ಮೈದಾನಕ್ಕೂ ರೇಂಜ್ ಎನ್ನುತ್ತಾರಂತೆ.

ಅಮ್ಮ ನಿರಾಳವಾದಳು. ನನಗೆ ಹೊಟ್ಟೆ ಉರಿಯಿತು. ಅವಳಿಗೆ ಬಿಲ್ಲು ಹಿಡಿಯಲು ಕಲಿಸಿದ್ದೇ ನಾನು. ಬಿದಿರಿನ ದಬ್ಬೆ ಬಗ್ಗಿಸಿ ನೈಲಾನ್ ದಾರ ಕಟ್ಟಿದವಳು, ಹಿತ್ತಿಲ ಹುಣಸೆಮರಕ್ಕೆ ಹುಲ್ಲು ತುಂಬಿದ ಗೋಣಿಚೀಲ ನೇತುಹಾಕಿದವಳು ನಾನು. "ಓಡೇ, ಬಾಣ ತಗಂಬಾ" ಅಂದರೆ ಓಡಿಹೋಗಿ ಹೆಕ್ಕಿ ತರುವುದಷ್ಟೇ ಅವಳ ಕೆಲಸ. ಈಗ ಅವಳಿಗೆ ಕ್ಲಬ್ಬು, ಕೋಚು!

ಬೇಸಿಗೆ ರಜೆಯಲ್ಲಿ ಅವಳ ಮನೆಗೆ ಹೋದೆ. ಬೇರೆಲ್ಲಾದರೂ ಕೈ ಪಳಗಿಸಿಕೊಂಡು, ಆಮೇಲೆ ಅವಳೆದುರು ನಿಂತು ಸೋಲಿಸಬೇಕೆಂಬ ಹಟ. ಅವಳು ಬ್ಯಾಂಕಿಗೆ ಹೊರಟ ಕೂಡಲೇ ಫೋನಿನ ಮ್ಯಾಪ್ ಹಿಡಿದು ಅಲೆದೆ. ಒಂದು ವಿಳಾಸದಲ್ಲಿ ಮೀನಿನ ಬಲೆಯ ಅಂಗಡಿ ಇತ್ತು. ಇನ್ನೊಂದು ರೆಸಾರ್ಟು, ಅಲ್ಲಿ ರಬ್ಬರ್ ಮೂತಿಯ ಬಾಣ, ಬಾಯಲ್ಲಿ ಐಸ್‌ಕ್ರೀಮ್ ಇಟ್ಟುಕೊಂಡ ಮಕ್ಕಳ ಸಾಲು. ಮೂರು ದಿನ ಬೆವರು ಸುರಿಸಿದ್ದಕ್ಕೆ ಕೊನೆಗೆ ಕೇಳಿದವರೆಲ್ಲ ತೋರಿಸಿದ್ದು ಒಂದೇ ಜಾಗ, ಅವಳದೇ ಕ್ಲಬ್ಬು.

ಭಾನುವಾರ ಹಲ್ಲು ಕಚ್ಚಿಕೊಂಡು ಅವಳ ಜೊತೆಗೇ ಹೋದೆ. ಅವಳು ಆರು ಬಾಣ ಬಿಟ್ಟಳು. ಎರಡಾದರೂ ತಪ್ಪಲಿ ಎಂದು ಬೇಡಿಕೊಂಡೆ, ಸುಳ್ಳು ಯಾಕೆ ಹೇಳಲಿ. ಆರೂ ನಡುವಿನ ಹಳದಿಗೇ ನಾಟಿದವು. ಆಮೇಲೆ ಕೋಚ್ ನನ್ನ ಕೈಗೆ ಬಿಲ್ಲು ಕೊಟ್ಟರು. ಎಳೆದು ಬಿಟ್ಟೆ. ಬಾಣ ಹಲಗೆ ದಾಟಿ ಹಿಂದಿನ ಬೇಲಿಯ ಬುಡಕ್ಕೆ ಬಿತ್ತು.

"ನೀವು ನಾಲಿಗೆ ಕಚ್ಚಿ ಭುಜ ಏರಿಸ್ತೀರಿ ಮಾರಾಯ್ರೆ" ಎಂದು ಕೋಚ್ ನಕ್ಕರು. "ನಿಮ್ಮ ತಂಗಿಗೂ ಇದೇ ಚಾಳಿ ಇತ್ತು. ಬಿಡಿಸ್ಲಿಕ್ಕೆ ಒಂದು ವರ್ಷ ಬೇಕಾಯ್ತು."

ಒಂದು ವರ್ಷ! ನಾನು ಕಲಿಸಿದ್ದು ಅಷ್ಟು ಸುಲಭಕ್ಕೆ ಬಿಟ್ಟುಹೋಗಿರಲಿಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಅಷ್ಟರಲ್ಲಿ ತಂಗಿ ಕೈಕಟ್ಟಿ ನಿಂತು, ಬೇಲಿಯ ಕಡೆ ಗದ್ದ ತೋರಿಸಿದಳು.

"ಓಡೇ ಅಕ್ಕಾ, ಬಾಣ ತಗಂಬಾ."

ಓಡಲಿಲ್ಲ. ನಡೆದೇ ಹೋದೆ.