ಹಕ್ಕಿಗಳಿಗೆ ಕೇಳಿಸಬಾರದ ಸಂಗೀತ

ಈ ಊರಿಗೆ ಬಂದ ಹೊಸದರಲ್ಲಿ ಒಂದು ಸಂಜೆ ನಮ್ಮ ಮನೆಯ ಕಿಟಕಿ ಗಾಜು ತನ್ನಷ್ಟಕ್ಕೆ ತಾನೇ ನಡುಗತೊಡಗಿತು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ನನ್ನ ಪಕ್ಕೆಲುಬಿನೊಳಗೆ ಹಳೆಯ ಗುದ್ದು ಶುರುವಾಯಿತು. ಯಾರೋ ನುಡಿಸುತ್ತಿದ್ದಾರೆ ಅಂದುಕೊಂಡು ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿದೆ. ಗಣಪತಿ ಬಿಡುವ ಮೆರವಣಿಗೆ ಅದು. ಕಬ್ಬು ಸಾಗಿಸುವ ಟ್ರಾಕ್ಟರಿನ ಟ್ರೇಲರ್ ಮೇಲೆ ಆಳೆತ್ತರದ ಸ್ಪೀಕರುಗಳು, ಮುಂದೆ ಕೆಸರೆದ್ದು ಹೋಗುವಂತೆ ಕುಣಿಯುವ ಗಂಡಸರು. ನುಡಿಸುವವನ ಮುಖ ನೋಡಬೇಕೆಂದು ಜನರನ್ನು ತಳ್ಳಿಕೊಂಡು ಹಿಂದಕ್ಕೆ ಹೋಗಿ ಇಣುಕಿದರೆ ಅಲ್ಲಿ ಯಾರೂ ಇರಲಿಲ್ಲ. ಪೆನ್ ಡ್ರೈವ್ ಸಿಕ್ಕಿಸಿದ ಒಂದು ಪೆಟ್ಟಿಗೆ, ಅದರ ಮೇಲೆ ಯಾರದೋ ಟವೆಲ್ಲು. ಡಿಜೆ ಎಲ್ಲಿ ಅಂತ ಡ್ರೈವರನ್ನು ಕೇಳಿದೆ. ಅವನು ಸ್ಪೀಕರಿನ ಮೈ ತಟ್ಟಿ, "ಇದೇ ಕಣಕ್ಕಾ ಡೀಜೆ" ಅಂದ. ಇಲ್ಲಿ ಡಿಜೆ ಅಂದರೆ ಮನುಷ್ಯನಲ್ಲ, ಸ್ಪೀಕರಿನ ರಾಶಿ. ಇಡೀ ಊರು ಕುಣಿಯುತ್ತಿತ್ತು, ನುಡಿಸುವವನೇ ಇರಲಿಲ್ಲ.

ಮುಂಬಯಿಯಲ್ಲಿ ಕೂತು ಇದನ್ನು ಓದುವ ನಿಮ್ಮಲ್ಲಿ ಬಹಳ ಜನರ ಅಪ್ಪಂದಿರು ಈ ಕಡೆಯಿಂದಲೇ ಬಂದವರು. ನನ್ನಪ್ಪ ನಾಗಮಂಗಲದವರು. ಗಂಡ ಲೋಕೇಶನ ಅಪ್ಪ ಕೆ.ಆರ್. ಪೇಟೆಯವರು. ನಾವಿಬ್ಬರೂ ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಅಂಧೇರಿಯ ಆಚೀಚೆಯ ಚಾಳುಗಳಲ್ಲಿ. ರಜೆಗೆ ಬಂದು ಒಂದು ವಾರ ಇದ್ದು ಹೋಗುತ್ತಿದ್ದ ಜಾಗವನ್ನೇ "ಊರು" ಅಂತ ಜಂಬದಿಂದ ಹೇಳಿಕೊಂಡು ಬೆಳೆದೆವು. ಎಲ್ಲ ಬಾಗಿಲೂ ಮುಚ್ಚಿದ ಆ ಕೊರೋನಾ ವರ್ಷದಲ್ಲಿ ಲೋಕೇಶ ಕೆಲಸ ಮಾಡುತ್ತಿದ್ದ ಡಬ್ಬಿಂಗ್ ಸ್ಟುಡಿಯೋ ಕೂಡ ಮುಚ್ಚಿತು. ಬಾಡಿಗೆಯ ಖೋಲಿ, ಅಂದರೆ ನಮ್ಮ ಒಂದೇ ಕೋಣೆಯ ಮನೆ ಬಿಟ್ಟು, ಅತ್ತೆ ಜಯಮ್ಮನವರನ್ನು ಕರೆದುಕೊಂಡು ಇಲ್ಲಿಗೆ ಬಂದೆವು. ಕೆ.ಆರ್. ಪೇಟೆಯಿಂದ ಮೇಲುಕೋಟೆ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ, ತೀರಿಕೊಂಡ ಮಾವನ ಪಾಲಿಗೆ ಬಂದಿದ್ದ ಮನೆ.

ಲೋಕೇಶ ಮುಂಬಯಿಯಲ್ಲಿ ಸಂಜೆಗಳಲ್ಲಿ ಏನು ಮಾಡುತ್ತಿದ್ದ ಅನ್ನುವುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವನು ಲೈವ್ ಎಲೆಕ್ಟ್ರಾನಿಕ್ ಸಂಗೀತ ನುಡಿಸುತ್ತಿದ್ದ. ಮುಂಚೆಯೇ ತಯಾರಾದ ಹಾಡು ಅದರಲ್ಲಿ ಇರುವುದಿಲ್ಲ. ಮೇಜಿನ ಮೇಲೆ ಕೆಲವು ಯಂತ್ರಗಳು, ವೈರುಗಳು, ತಿರುಗಿಸುವ ಗುಂಡಿಗಳು ಇರುತ್ತವೆ. ಒಂದು ಪೆಟ್ಟು ಹುಟ್ಟಿಸಬೇಕು, ಅದರ ಮೇಲೆ ಇನ್ನೊಂದು, ಅದರಡಿಗೆ ಒಂದು ಗುಂಗು. ಎದುರಿಗೆ ನಿಂತವರ ಮೈ ನೋಡಿಕೊಂಡು ಕಟ್ಟುತ್ತಾ ಹೋಗಬೇಕು. ಕೆಟ್ಟರೆ ಎಲ್ಲರೆದುರಿಗೇ ಕೆಡುತ್ತದೆ. ನಾನು ಅವನನ್ನು ಮೊದಲು ನೋಡಿದ್ದೇ ಹಾಗೆ ಕೆಟ್ಟಾಗ. ಹಳೆಯ ಗಿರಣಿಯ ಒಂದು ಶೆಡ್ಡಿನಲ್ಲಿ ಗೆಳತಿಯ ಒತ್ತಾಯಕ್ಕೆ ಹೋಗಿ ಗೋಡೆಗೆ ಒರಗಿ ನಿಂತಿದ್ದೆ. ಗುಡುಗಿನಂಥ ಸದ್ದಿನ ನಡುವೆ ಯಂತ್ರ ನಿಂತುಹೋಯಿತು. ಅವನು ಬೆವರು ಒರೆಸಿಕೊಂಡು, ನಕ್ಕು, ಸೊನ್ನೆಯಿಂದ ಒಂದೊಂದೇ ಪೆಟ್ಟು ಹಾಕಿದ. ಜನ ಕಾದರು. ಆಮೇಲೆ ಬಂದ ಆ ತಗ್ಗಿನ ಸ್ವರ ಕಿವಿಗೆ ಬರಲಿಲ್ಲ, ನೆಲದಿಂದ ಕಾಲಿಗೆ, ಕಾಲಿಂದ ಎದೆಗೆ ಹತ್ತಿತು. ಗುರುತಿಲ್ಲದವರ ಜೊತೆ ನಾನೂ ಕುಣಿದೆ. ಯಾರ ಮಗಳು, ಯಾವ ಊರು ಅಂತ ಯಾರೂ ಕೇಳದ ಜಾಗ ಅದೊಂದೇ ಆಗಿತ್ತು ನನಗೆ.

ಇಲ್ಲಿ ಮೊದಲು ಕೇಳುವುದೇ ಅದು. ಅಂಗಡಿಗೆ ಹೋದರೆ "ಯಾರಟ್ಟಿಯವ್ವಾ?" ಅನ್ನುತ್ತಾರೆ. ಅಟ್ಟಿ ಅಂದರೆ ಮನೆ, ಮನೆತನ. ಚಾಳಿನಲ್ಲಿ ನೀರಿಗೆ ಜಗಳವಾಡಿದವಳು ನಾನು, ಇಲ್ಲಿ ನೀರು ಧಾರಾಳ. ನಮ್ಮ ಇಡೀ ಖೋಲಿ ಈ ಮನೆಯ ಪಡಸಾಲೆಯಲ್ಲಿ ಹಿಡಿಸುತ್ತದೆ. ಆದರೆ ಅಲ್ಲಿ ಗೋಡೆಯಾಚೆ ಸದಾ ಯಾರಾದರೂ ಕೆಮ್ಮುತ್ತಿದ್ದರು, ಇಲ್ಲಿ ಅಷ್ಟು ದೊಡ್ಡ ಪಡಸಾಲೆಯಲ್ಲಿ ಕೂತು ನಾನು ಅತ್ತಿದ್ದೇನೆ. ಭಾಷೆಯಂತೂ ತಮಾಷೆ. ನಾನು ಆಡುವ ಕನ್ನಡ ನನ್ನಪ್ಪ ನಾಗಮಂಗಲ ಬಿಟ್ಟಾಗಿನ ಕನ್ನಡ. ನಾನು ಬಾಯಿ ಬಿಟ್ಟರೆ ಪಕ್ಕದ ಮನೆಯ ಹುಡುಗಿಯರು, "ಆಂಟಿ, ನಮ್ಮಜ್ಜಿ ಮಾತಾಡ್ದಂಗೆ ಮಾತಾಡ್ತೀರಾ" ಅಂತ ಬಿದ್ದು ಬಿದ್ದು ನಗುತ್ತಾರೆ. ಪೇಟೆಯ ಒಂದು ಶಾಲೆಯಲ್ಲಿ ಹಿಂದಿ ಕಲಿಸುವ ಕೆಲಸ ಸಿಕ್ಕಿತು. ಮುದ್ದೆ ಗಂಟಿಲ್ಲದೆ ತಿರುವುವುದು ಕೈಗೆ ಹತ್ತಿತು. ಇವು ನನ್ನ ಗೆಲುವುಗಳು, ಇದಕ್ಕಿಂತ ದೊಡ್ಡದೇನೂ ಇಲ್ಲ.

ಲೋಕೇಶ ಹಾಲಿನ ಡೈರಿಯಲ್ಲಿ ಕೂತ. ಬೆಳಿಗ್ಗೆ ಸಂಜೆ ಕ್ಯಾನಿನಿಂದ ಹಾಲು ತೆಗೆದು ಜಿಡ್ಡು ಅಳೆಯುವ ಯಂತ್ರಕ್ಕೆ ಹಿಡಿಯುವುದು ಅವನ ಕೆಲಸ. ಮೊದಮೊದಲು ಮನೆಗೆ ಬಂದು ತನ್ನ ಯಂತ್ರಗಳನ್ನು ಹರಡಿಕೊಳ್ಳುತ್ತಿದ್ದ. ತೋಟದ ಪಂಪುಗಳು ಶುರುವಾದರೆ ಕರೆಂಟು ಕುಗ್ಗಿ ಯಂತ್ರ ಆರಿಹೋಗುತ್ತಿತ್ತು. ಮತ್ತೆ ಹಚ್ಚುತ್ತಿದ್ದ, ಮತ್ತೆ ಆರುತ್ತಿತ್ತು. ಆಮೇಲೆ ಅವನು ಹಚ್ಚುವುದನ್ನೇ ಬಿಟ್ಟ. ಬರಬರುತ್ತಾ ಮಾತೂ ಕಡಿಮೆಯಾಯಿತು. ಒಳ್ಳೆಯ ಗಂಡ, ಕುಡಿಯುವುದಿಲ್ಲ, ಬೈಯುವುದಿಲ್ಲ, ತಟ್ಟೆ ತಾನೇ ತೊಳೆದಿಡುತ್ತಾನೆ. ಆದರೆ ಆ ಶೆಡ್ಡಿನಲ್ಲಿ ನಕ್ಕಿದ್ದ ಮನುಷ್ಯ ಎಲ್ಲೋ ಇಳಿದುಹೋಗಿದ್ದ. ನನಗೆ ಬೇಕಾಗಿದ್ದದ್ದು ಒಂದೇ. ಅವನು ಒಮ್ಮೆ, ಬದುಕಿರುವ ಜನರ ಮುಂದೆ, ಮತ್ತೆ ನುಡಿಸಬೇಕು. ಹೊಲ, ಮನೆ, ನೆಂಟರು, ಇನ್ನೇನಿದ್ದರೂ ನನಗೆ ಅದರ ನಂತರದ್ದು.

ಕಳೆದ ಚಳಿಗಾಲದಲ್ಲಿ ಹಳೆಯ ಸ್ನೇಹಿತನೊಬ್ಬನ ಫೋನು ಬಂತು. ಶ್ರೀರಂಗಪಟ್ಟಣದ ಹತ್ತಿರ, ಪಾಲಹಳ್ಳಿ ದಾಟಿ ಹೊಳೆದಂಡೆಯ ಒಂದು ರೆಸಾರ್ಟಿನಲ್ಲಿ ಎರಡು ದಿನದ ಎಲೆಕ್ಟ್ರಾನಿಕ್ ಸಂಗೀತದ ಉತ್ಸವವಂತೆ, ಶನಿವಾರ ಸಂಜೆ ಲೋಕೇಶನಿಗೆ ಒಂದು ಸರದಿ ಇದೆಯಂತೆ. ಲೋಕೇಶ ಫೋನಿಟ್ಟವನೇ ಅಟ್ಟದಿಂದ ಯಂತ್ರಗಳನ್ನು ಇಳಿಸಿದ. ಪಂಪುಗಳು ನಿಂತ ಹೊತ್ತು ನೋಡಿ ಅಭ್ಯಾಸಕ್ಕೆ ಕೂತ. ಆ ತಿಂಗಳು ಅವನು ಊಟ ಮಾಡುವಾಗ ತಟ್ಟೆಯಂಚಿನ ಮೇಲೆ ಬೆರಳು ಬಡಿಯುತ್ತಿದ್ದ. ನನಗೆ ಅಷ್ಟೇ ಸಾಕಾಗಿತ್ತು, ಒಳಗೊಳಗೇ ಹಿಗ್ಗುತ್ತಿದ್ದೆ.

ಶನಿವಾರ ಬೆಳಿಗ್ಗೆ ಸಿದ್ದೇಗೌಡ ದೊಡ್ಡಪ್ಪ ಹೋಗಿಬಿಟ್ಟರು. ಮಾವನ ದೊಡ್ಡಪ್ಪನ ಮಗ, ನಮ್ಮ ಬೀದಿಯ ಕೊನೆಯ ಮನೆಯವರು. ವಯಸ್ಸಾಗಿತ್ತು, ನರಳಲಿಲ್ಲ. ನಮ್ಮ ಬೀದಿ ಪೂರ್ತಿ ಒಂದೇ ಅಣ್ತಮ್ಮಿಕೆ, ಅಂದರೆ ಒಬ್ಬ ಮುತ್ತಜ್ಜನ ಗಂಡುಮಕ್ಕಳಿಂದ ಒಡೆದ ಮನೆಗಳು. ಒಂದು ಮನೆಯಲ್ಲಿ ಹೆಣ ಬಿದ್ದರೆ ಮಣ್ಣಾಗುವವರೆಗೆ ಎಲ್ಲ ಮನೆಗಳಲ್ಲೂ ಒಲೆ ಹಚ್ಚುವುದಿಲ್ಲ, ಟಿವಿ ಹಾಕುವುದಿಲ್ಲ. ಚಟ್ಟಕ್ಕೆ ಹೆಗಲು ಕೊಡುವುದು ಆ ಗಂಡಸರ ಹಕ್ಕು. ಮುಂಬಯಿಯಲ್ಲಿದ್ದಾಗ ಇಂಥ ಸುದ್ದಿ ಬಂದರೆ ತಲೆಗೆ ನೀರು ಹಾಕಿಕೊಂಡು ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುತ್ತಿದ್ದೆವು. ಇಲ್ಲಿ ಹಾಗಾಗುವುದಿಲ್ಲ. ಹುಣಸೂರಿನಲ್ಲಿದ್ದ ಮಗಳು ಬರಬೇಕಾದ್ದರಿಂದ ಮಣ್ಣು ಸಂಜೆಗೆ ಅಂತ ತೀರ್ಮಾನವಾಯಿತು. ಲೋಕೇಶನ ಸರದಿಯೂ ಸಂಜೆಗೇ.

ಅವನು ಪಡಸಾಲೆಯ ಕಂಬಕ್ಕೆ ಒರಗಿ ಕೂತ. "ಫೋನ್ ಮಾಡಿ ಆಗಲ್ಲ ಅಂತ ಹೇಳ್ಬಿಡ್ತೀನಿ" ಅಂದ. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವ ಮೊದಲೇ ಅತ್ತೆ ಮಾತಾಡಿದರು.

"ಓಗ್ಬುಡ್ಲಾ."

"ಅವ್ವ, ಊರೋರು ಏನಂತಾರೆ?"

"ಅಂದ್ರೆ ಅನ್ಲಿ ಬುಡು. ಚುಂಚನಗಿರಿ ಆಸ್ಪತ್ರೆಗೆ ಓಗವ್ರೆ, ಸೊಸೆಗೆ ಹೊಟ್ಟೆನೋವು ಅಂತೀನಿ. ನಾನು ಎದ್ರುಗೆ ಕುಂತು ಅಳ್ತೀನಿ, ನಿಮ್ಮಿಬ್ರ ಪಾಲ್ದೂ ಸೇರ್ಸಿ. ಸತ್ತೋನು ಎದ್ದು ಬಂದು ಎಣಿಸ್ತಾನಾ?" ಅವರು ಸ್ಕೂಟರಿನ ಕೀಲಿ ತಂದು ಅವನ ಮುಂದಿಟ್ಟರು. "ನೀನು ಇಲ್ಲಿ ಬಂದ್ಮೇಲೆ ನಗೋದೇ ಮರ್ತೋಗಿದ್ದೀಯ ಕಣ್ಲಾ. ನಾನೇನು ಕುಲ್ಡಿನಾ?"

ಯಂತ್ರಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ಚೀಲಕ್ಕೆ ತುಂಬಿ, ಹಿತ್ತಿಲ ಕಡೆಯಿಂದ ಕಬ್ಬಿನ ಗದ್ದೆಯ ದಾರಿಯಲ್ಲಿ ಸ್ಕೂಟರ್ ತಳ್ಳಿಕೊಂಡು ಹೋದೆವು. ಹಿಂದೆ ಹೆಂಗಸರ ಅಳು ಕೇಳುತ್ತಿತ್ತು. ಅದರಲ್ಲಿ ಅತ್ತೆಯ ದನಿ ಎಲ್ಲರಿಗಿಂತ ಜೋರಾಗಿತ್ತು. ಪಾಂಡವಪುರ ದಾಟುವವರೆಗೂ ಲೋಕೇಶ ಹಿಂದಿರುಗಿ ನೋಡುತ್ತಿದ್ದ. ಇನ್ನು ಆ ಬೀದಿಯಲ್ಲಿ ನಮಗೆ ನೀರು ಬೆಂಕಿ ಸಿಗುವುದಿಲ್ಲ ಅಂತಲೇ ನಮ್ಮಿಬ್ಬರಿಗೂ ಅನ್ನಿಸಿತ್ತು. ಸಿಗದಿದ್ದರೆ ಬೇಡ ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ರೆಸಾರ್ಟಿನ ಬಾಗಿಲಲ್ಲಿ ಕೈಗೆ ಪಟ್ಟಿ ಕಟ್ಟಿ, ಒಂದೊಂದು ಹೆಡ್‌ಫೋನು ಕೊಟ್ಟರು. ಯಾಕೆ ಅಂತ ಕೇಳಿದ್ದಕ್ಕೆ, ಹತ್ತಿರದಲ್ಲೇ ಪಕ್ಷಿಧಾಮ ಇದೆ, ಗೂಡು ಕಟ್ಟುವ ಕಾಲ, ಸ್ಪೀಕರು ಹಾಕುವ ಹಾಗಿಲ್ಲ ಅಂದರು. ಇದಕ್ಕೆ ಸೈಲೆಂಟ್ ಡಿಸ್ಕೋ ಅನ್ನುತ್ತಾರಂತೆ. ನುಡಿಸಿದ್ದು ಗಾಳಿಗೆ ಬರದೆ ನೇರ ಹೆಡ್‌ಫೋನಿಗೆ ಹೋಗುತ್ತದೆ. ಬಿಳಿ ಕೊಕ್ಕರೆಗಳು ಹೊಳೆಯ ಮೇಲೆ ಸಾಲಾಗಿ ಗೂಡಿಗೆ ಹೋಗುತ್ತಿದ್ದವು. ಹಕ್ಕಿಗಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೂ ಮನಸ್ಸು ಬರಲಿಲ್ಲ. ಆದರೆ ಲೋಕೇಶನ ಮುಖ ಕಪ್ಪಿಟ್ಟಿತು. ಅವನ ಸಂಗೀತದ ಅರ್ಧ ಇರುವುದೇ ನೆಲದಿಂದ ಹತ್ತುವ ಆ ತಗ್ಗಿನ ಸ್ವರದಲ್ಲಿ. ಕಿವಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ನೆಲ ಎಲ್ಲಿಂದ ಬರಬೇಕು?

ಆ ಹೆಡ್‌ಫೋನಿನಲ್ಲಿ ಎರಡು ದಾರಿಗಳು, ಅಂದರೆ ಚಾನೆಲ್ಲುಗಳು, ಇದ್ದವು. ಗುಂಡಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ವೇದಿಕೆಯಲ್ಲಿ ನುಡಿಸುವವನನ್ನು ಕೇಳುತ್ತಿದ್ದರೆ ಕಿವಿಯ ಮೇಲಿನ ದೀಪ ನೀಲಿಯಾಗುತ್ತದೆ. ಬೇಡವಾದವರಿಗೆ ಸಿನಿಮಾ ಹಾಡುಗಳ ಇನ್ನೊಂದು ದಾರಿ, ಅದು ಕೆಂಪು. ಯಾರು ಏನು ಕೇಳುತ್ತಿದ್ದಾರೆ ಅನ್ನುವುದು ಎಲ್ಲರಿಗೂ ಕಾಣುತ್ತದೆ. ವೇದಿಕೆಯ ಮೇಲಿದ್ದವನಿಗೆ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ.

ಸೂರ್ಯ ಇಳಿಯುವಾಗ ಲೋಕೇಶ ಶುರು ಮಾಡಿದ. ಹುಲ್ಲಿನ ಮೇಲೆ ನಿಂತವರೆಲ್ಲ ನೀಲಿ. ಮೊದಲ ಪೆಟ್ಟು ಬಂತು, ಅದರೊಳಗೆ ಇನ್ನೊಂದು ಹುಟ್ಟಿತು. ಅವನೇ, ನನ್ನ ಮನುಷ್ಯನೇ, ಕೈ ಒಂದಿಷ್ಟೂ ಮರೆತಿರಲಿಲ್ಲ. ಮೆಲ್ಲಗೆ ಕಟ್ಟುತ್ತಿದ್ದ, ಅವಸರವೇ ಇಲ್ಲದೆ. ಅಷ್ಟರಲ್ಲಿ ನನ್ನ ಪಕ್ಕದವಳ ಕಿವಿ ಕೆಂಪಾಯಿತು. ಅವಳ ಸ್ನೇಹಿತರು ಅವಳ ಕಡೆ ನೋಡಿ ಗುಂಡಿ ಒತ್ತಿದರು. ಕೆಂಪು ಒಂದು ಮೂಲೆಯಿಂದ ಹಬ್ಬಿತು. ಅವರು ಒಟ್ಟಿಗೆ ಕೈಯೆತ್ತಿ ಕುಣಿಯತೊಡಗಿದರು. ಯಾವುದೋ ಹಾಡಿನ ಸಾಲನ್ನು ಒಟ್ಟಾಗಿ ಕೂಗಿದರು. ಲೋಕೇಶ ತಲೆ ಎತ್ತಿದ, ಅವರು ಕುಣಿಯುವ ತಾಳ ತನ್ನದಲ್ಲ ಅಂತ ಅವನಿಗೆ ತಿಳಿಯಿತು. ವೇಗ ಹೆಚ್ಚಿಸಿದ. ತಗ್ಗಿಸಿದ. ನಾನು ಮುಂದೆ ಹೋಗಿ, ನಾಚಿಕೆ ಬಿಟ್ಟು, ಒಬ್ಬಳೇ ಕುಣಿದೆ. ಆ ಕೆಂಪು ಹುಲ್ಲುಗಾವಲಿನಲ್ಲಿ ನೀಲಿ ದೀಪ ನನ್ನದೊಂದೇ ಉಳಿಯಿತು. ಅವನು ನನ್ನನ್ನು ನೋಡಿದ. ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಸರದಿ ಮುಗಿಯುವ ಮೊದಲೇ ಅವನು ಒಂದೊಂದೇ ಪೆಟ್ಟು ತೆಗೆದು ಹಾಕಿ ನಿಲ್ಲಿಸಿದ. ಯಾರಿಗೂ ಗೊತ್ತಾಗಲಿಲ್ಲ, ಅವರ ಹಾಡು ನಡೆಯುತ್ತಲೇ ಇತ್ತು.

ಬರುವ ದಾರಿಯಲ್ಲಿ ಅವನು ಒಂದೇ ಮಾತು ಆಡಿದ. "ದೊಡ್ಡಪ್ಪನಿಗೆ ಹೆಗಲಾದ್ರೂ ಕೊಡ್ಬೇಕಾಗಿತ್ತು."

ಮರುದಿನ ಬೆಳಿಗ್ಗೆ ಬೈಸಿಕೊಳ್ಳಲು ತಯಾರಾಗಿಯೇ ಹೊರಗೆ ಬಂದೆವು. ಸಿದ್ದೇಗೌಡರ ಮಗ ಪುಟ್ಟಸ್ವಾಮಿ ನಮ್ಮ ಜಗಲಿಯ ಹತ್ತಿರವೇ ನಿಂತಿದ್ದ. ಲೋಕೇಶ ತಲೆ ತಗ್ಗಿಸಿ, "ಪುಟ್ಟಣ್ಣ, ನಿನ್ನೆ ಇವಳಿಗೆ ಹೊಟ್ಟೆನೋವು ಅಂತ ಆಸ್ಪತ್ರೆಗೆ..." ಅಂತ ಶುರು ಮಾಡಿದ.

"ಓ, ಓಗಿದ್ರಾ? ನಂಗೆ ಗೊತ್ತೇ ಇಲ್ಲ ಕಣ್ಲಾ," ಅಂದ ಪುಟ್ಟಸ್ವಾಮಿ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ನನ್ನನ್ನು ಕೊಂದಿತು. "ಎಂಗವ್ಳೆ ಈಗ? ಹುಸಾರಾದ್ಲಾ? ಬುಡು, ನಿಮ್ಗೇನು ಇದೆಲ್ಲ, ನೀವು ಬಾಂಬೆಯೋರು. ಹನ್ನೊಂದ್ನೇ ದಿನುಕ್ಕೆ ತಿಥಿ. ಅದ್ನ ಯೋಳಾನ ಅಂತ ಬಂದೆ. ಮೂರೂ ಜನ ಊಟುಕ್ಕೆ ಬಂದ್ಬುಡಿ."

ಅವನು ಹೋದ ಮೇಲೆ ಅತ್ತೆ ಜಗಲಿಯ ಮೇಲೆ ಕುಸಿದು ಕೂತರು. ಯಾಕೆ ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಅವರೇ ಹೇಳಿದರು. ಅಣ್ತಮ್ಮಿಕೆಯವರನ್ನು ತಿಥಿಗೆ ಯಾರೂ ಕರೆಯುವುದಿಲ್ಲ. ಅವರು ಕರೆಯುವವರು, ನೀರು ಹೊರುವವರು, ಬಡಿಸುವವರು, ತಲೆ ಬೋಳಿಸಿಕೊಳ್ಳುವವರು. ಮನೆ ಬಾಗಿಲಿಗೆ ಬಂದು ಊಟಕ್ಕೆ ಕರೆಯುವುದು ಹೊರಗಿನವರನ್ನು. ನಾವು ಕಳ್ಳರ ಹಾಗೆ ಗದ್ದೆ ದಾರಿ ಹಿಡಿದು ಮುರಿದ ಕಟ್ಟಳೆಯೊಳಗೆ ನಮ್ಮನ್ನು ಯಾರೂ ಸೇರಿಸಿಕೊಂಡೇ ಇರಲಿಲ್ಲ. ಹಿಂದಿನ ಸಂಜೆ ಲೋಕೇಶ ಮನೆಯಲ್ಲಿಯೇ ಉಳಿದಿದ್ದರೂ ಚಟ್ಟದ ಹತ್ತಿರ ಅವನಿಗಾಗಿ ಜಾಗ ಇರುತ್ತಿರಲಿಲ್ಲ.

ಮುಂಬಯಿಯಲ್ಲಿ ನಮ್ಮನ್ನು ಮದ್ರಾಸಿ ಅನ್ನುತ್ತಿದ್ದರು, ನೆನಪಿದೆಯಲ್ಲ? ನಮಗೂ ಒಂದು ಊರಿದೆ ಅಂತ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆವು. ಇನ್ನು ನೀವು ಹಾಗೆ ಸುಮ್ಮನಿರುವಾಗ ನನ್ನ ಮಾತು ನೆನಪಾಗದಿರಲಿ ಅಂತ ಬೇಡಿಕೊಳ್ಳುತ್ತೇನೆ.

ತಿಥಿಯ ದಿನ ಬೆಳಿಗ್ಗೆ ಲೋಕೇಶ ಯಾರಿಗೂ ಹೇಳದೆ ಕೆ.ಆರ್. ಪೇಟೆಗೆ ಹೋಗಿ ತಲೆ ಬೋಳಿಸಿಕೊಂಡು ಬಂದ. ನೆತ್ತಿಯಲ್ಲಿ ಎರಡು ಕಡೆ ಕತ್ತಿ ತಾಗಿತ್ತು. ಬಡಿಸುವ ಬಕೆಟ್ಟು ಹಿಡಿಯಲು ಹೋದರೆ ಯಾರೋ ಪ್ರೀತಿಯಿಂದಲೇ ಕಸಿದುಕೊಂಡು, "ನೀವ್ಯಾಕಣ್ಣ, ಕುಂತ್ಕಳಿ" ಅಂದರು. ಶಾಮಿಯಾನದ ಕೆಳಗೆ ನೆಂಟರ ಪಂಕ್ತಿಯಲ್ಲಿ ನನ್ನ ಪಕ್ಕ ಕೂತ. ನಾಗಮಂಗಲದ ಕಡೆ ನೆಲೆಸಿದ್ದ, ನಮ್ಮ ಗುರುತಿರದ ಅಣ್ತಮ್ಮಿಕೆಯವನೊಬ್ಬ ಬಡಿಸುತ್ತಾ ಬಂದವನು ಲೋಕೇಶನ ಬೋಳು ತಲೆ ನೋಡಿ ತಬ್ಬಿಬ್ಬಾದ.

"ನೀವು ಮನೆಯೋರೇ ಅಲ್ವಾ? ಊಟುಕ್ಕೆ ಕುಂತ್ಬುಟ್ಟಿದ್ದೀರಲ್ಲ?"

ಲೋಕೇಶ ಎಲೆಗೆ ನೀರು ಚಿಮುಕಿಸಿದ.

"ಅಲ್ಲ ಕಣಣ್ಣ," ಅಂದ. "ಬಾಂಬೆಯೋರು. ಬಡ್ಸಿ."