ಎಡತುದಿಯ ಹನ್ನೊಂದನೆಯವನು

ಸತ್ತವರು ಬಂದು ಕಾಣಿಸಿಕೊಳ್ಳುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಅಂಥ ಕಥೆ ತೆಗೆದರೆ, ಆಗ ಕರೆಂಟ್ ಹೋಗಿತ್ತೇ, ಹೊಟ್ಟೆಗೆ ಏನು ಬಿದ್ದಿತ್ತು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಬೇಕಾಗಿ ಬಂದಿದೆ. ನಗುವವರು ನಗಲಿ. ನನ್ನ ವಿಷಯದಲ್ಲಿ ಕರೆಂಟಿನ ಮಾತೇ ಬರುವುದಿಲ್ಲ. ಅದು ನಡೆದದ್ದು ಹಾಡುಹಗಲಿನಲ್ಲಿ, ಸಿಡ್ನಿಯ ಒಂದು ಮೈದಾನದಲ್ಲಿ, ಎಲ್ಲರ ಎದುರಿಗೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನೂ ಮಹದೇವನೂ ಮೆಲ್ಬರ್ನಿನ ಒಂದು ಸಣ್ಣ ಕಾಲೇಜಿನಲ್ಲಿ ಓದುತ್ತ, ಅಲ್ಲಿನ ಟ್ರುಗನಿನಾ ಬಡಾವಣೆಯಲ್ಲಿ ಒಂದೇ ರೂಮಿನಲ್ಲಿದ್ದೆವು. ನಾನು ಮೈಸೂರಿನವನು. ಅವನು ಮಂಡ್ಯದ ಕಡೆಯವನು, ಊರಿನಲ್ಲಿ ಹೆಸರಾದ ಕಬಡ್ಡಿ ಆಟಗಾರ. ಇಲ್ಲಿ ಕಬಡ್ಡಿ ಇಲ್ಲದೆ ಮೈ ಜಡ್ಡುಗಟ್ಟಿತು ಎಂದು ಗೊಣಗುತ್ತಿದ್ದವನ ಕಣ್ಣಿಗೆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಬಿತ್ತು. ಹೆಲ್ಮೆಟ್ ಹಾಕಿಕೊಂಡು, ಚೆಂಡು ಹಿಡಿದು ಓಡುವವನನ್ನು ತಬ್ಬಿ ಕೆಡವುವ ಆಟ.

“ಕಬಡ್ಡಿನೇ ಕಣ್ಲಾ ಇದು. ಬಟ್ಟೆ ಒಸಿ ಜಾಸ್ತಿ ಹಾಕವ್ರೆ, ಅಷ್ಟೆಯಾ,” ಎಂದ. ತಾನು ಸೇರಿದ್ದಲ್ಲದೆ ನನ್ನನ್ನೂ ಎಳೆದುಕೊಂಡು ಹೋದ.

ಹೇಳಿಕೊಳ್ಳುವಂಥ ತಂಡವೇನಲ್ಲ. ಆ ಸೀಸನ್ನಿನಲ್ಲಿ ಆಡಿದ ಮ್ಯಾಚುಗಳನ್ನೆಲ್ಲ ಸೋತೆವು. ಕೋಚ್ ವಯಸ್ಸಾದ ಅಮೆರಿಕನ್. ಐವತ್ತರ ದಶಕದಲ್ಲಿ ತಮ್ಮೂರಿನ ಪುಟ್ಟ ಕಾಲೇಜಿಗೆ ಆಡಿದ್ದರಂತೆ, ಅಲ್ಲೂ ಬರೀ ಸೋಲೇ ಎಂದು ನಗುತ್ತಿದ್ದರು. ಮಹದೇವ ತಂಡದವರೆಲ್ಲರ ಬಾಯಲ್ಲಿ ಡೇವ್ ಆಗಿದ್ದ. ಪ್ರಾಕ್ಟೀಸಿಗೆ ಇಳಿಯುವಾಗ ಕಬಡ್ಡಿ ಅಂಕಣಕ್ಕೆ ಇಳಿಯುವಂತೆಯೇ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಹುಲ್ಲಿನಲ್ಲಿ ಏನು ಕಳೆದುಕೊಂಡೆ ಎಂದು ಹುಡುಗರು ಕಾಡಿಸುತ್ತಿದ್ದರು. ಆದರೆ ಆ ಆಟದ ನಿಯಮಗಳು ಅವನ ತಲೆಗೆ ಬೇಗ ಹತ್ತಲಿಲ್ಲ. ನನ್ನ ಹಾಗೆ ಅವನೂ ಬೆಂಚು ಕಾಯುತ್ತ ಕೂತ, ಒಂದು ಮ್ಯಾಚಿಗೂ ಇಳಿಯಲಿಲ್ಲ. ಪ್ರತಿ ಭಾನುವಾರ ಅವನ ಅವ್ವ ಫೋನಿನಲ್ಲಿ, ಇವತ್ತಾದರೂ ಆಡಿದೆಯಾ ಎಂದು ಕೇಳುತ್ತಿದ್ದರು. ಮುಂದಿನ ವಾರ ಆಡುತ್ತೇನೆ ಎನ್ನುತ್ತಿದ್ದ.

ಕಡೆಗೊಂದು ದಿನ ಕೋಚ್ ಮಾತು ಕೊಟ್ಟರು. ಸಿಡ್ನಿಯಲ್ಲಿ ನಡೆಯುವ ಕೊನೆಯ ಮ್ಯಾಚಿಗೆ ಎಡತುದಿಯಲ್ಲಿ ಮೊದಲಿನಿಂದಲೂ ಮಹದೇವನೇ ನಿಲ್ಲುವುದು. ಆ ಸಂಜೆ ಅವನು ಹೆಲ್ಮೆಟ್ ಹಾಕಿಕೊಂಡೇ ಅನ್ನ ಬಸಿದ.

ಆ ಮ್ಯಾಚಿಗೆ ಅವನು ಉಳಿಯಲಿಲ್ಲ. ವೇರ್‌ಹೌಸಿನ ಶಿಫ್ಟ್ ಮುಗಿಸಿ ಬೆಳಿಗ್ಗೆ ಮನೆಗೆ ಬರುತ್ತಿದ್ದವನ ಕಾರಿಗೆ ಲಾರಿ ಗುದ್ದಿತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿನಿಂದ ಅವನ ಅಣ್ಣ ಬಂದು, ಪೆಟ್ಟಿಗೆಯಲ್ಲಿ ತಮ್ಮನನ್ನು ಕರೆದುಕೊಂಡು ಹೋದರು. ಆ ರೂಮಿನಲ್ಲಿ ಒಬ್ಬನೇ ಇರುವುದು ನನ್ನಿಂದ ಆಗಲಿಲ್ಲ. ತಂಡದ ಬಸ್ಸು ಸಿಡ್ನಿಗೆ ಹೊರಟಾಗ ಅದಕ್ಕೇ ಹತ್ತಿದೆ.

ಸಿಡ್ನಿಯಲ್ಲೇ ಇರುವ ಲಿವರ್‌ಪೂಲ್ ಎಂಬ ಬಡಾವಣೆಯ ಕಡೆಯ ಮೈದಾನ ಅದು. ಆಟಕ್ಕೆ ಮೊದಲು ಕೋಚ್ ನಮ್ಮನ್ನು ಹತ್ತಿರ ಕರೆದರು. ತಾವು ಆಡುತ್ತಿದ್ದ ಕಾಲದಲ್ಲಿ ಸೀಸನ್ನಿನ ನಡುವೆ ಒಬ್ಬ ಹುಡುಗ ತೀರಿಕೊಂಡಿದ್ದನಂತೆ. ಮುಂದಿನ ಮ್ಯಾಚಿನಲ್ಲಿ ಮೊದಲ ಸಲ ಚೆಂಡು ಎತ್ತುವಾಗ ಅವನ ಜಾಗದಲ್ಲಿ ಯಾರೂ ನಿಲ್ಲಲಿಲ್ಲವಂತೆ. ಡೇವ್‌ಗೂ ಹಾಗೇ ಮಾಡೋಣ, ಹತ್ತೇ ಜನ ಇಳಿಯಿರಿ, ಇದು ನಮ್ಮೊಳಗೇ ಇರಲಿ ಎಂದರು.

ಈ ಆಟದಲ್ಲಿ ನೆಲದಿಂದ ಚೆಂಡು ಎತ್ತಿದಾಗಲೇ ಒಂದೊಂದು ಸುತ್ತು ಶುರುವಾಗುವುದು. ಪ್ರತಿ ಸಲ ಎತ್ತುವ ಮುನ್ನ ಅಂಪೈರುಗಳು ಆಟಗಾರರನ್ನು ಎಣಿಸುತ್ತಾರೆ. ಹನ್ನೊಂದು ಜನ ಸರಿಯಾಗಿದ್ದರೆ ಮುಷ್ಟಿ ಕಟ್ಟಿ ಕೈ ಚಾಚಿ ಒಬ್ಬರಿಗೊಬ್ಬರು ತೋರಿಸುತ್ತಾರೆ. ಇಲ್ಲದಿದ್ದರೆ ಮುಷ್ಟಿ ತೋರಿಸುವುದಿಲ್ಲ. ಎಡತುದಿ, ಆಟಕ್ಕಿಳಿಯದೆ ಹೊರಗೆ ನಾನು ನಿಂತಿದ್ದ ಗೆರೆಯ ಪಕ್ಕದಲ್ಲೇ ಇತ್ತು. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಹತ್ತಿರದ ಅಂಪೈರ್ ಬೆರಳು ಆಡಿಸುತ್ತ ಎಣಿಸಿದರು. ತುಸು ತಡೆದು ಮತ್ತೆ ಎಣಿಸಿದರು. ಆಮೇಲೆ ಮುಷ್ಟಿ ಚಾಚಿದರು. ದೂರದಲ್ಲಿದ್ದ ಇನ್ನೊಬ್ಬರೂ ಮುಷ್ಟಿ ಚಾಚಿದರು.

ಎದುರು ತಂಡದ ಹುಡುಗ ಚೆಂಡು ಹಿಡಿದು ನಮ್ಮ ಖಾಲಿ ಜಾಗದ ಕಡೆಗೇ ನುಗ್ಗಿ ಬಂದ. ತಡೆಯುವವರು ಯಾರೂ ಇರಲಿಲ್ಲ. ಆದರೂ ಅರ್ಧಕ್ಕೇ ಕಾಲು ತಡೆದು, ಒಳಕ್ಕೆ ತಿರುಗಿ, ನಮ್ಮವರ ಗುಂಪಿಗೆ ಸಿಕ್ಕಿಬಿದ್ದ.

ಆ ಮ್ಯಾಚನ್ನೂ ಸೋತೆವು. ಮುಗಿದ ಮೇಲೆ ಆ ಅಂಪೈರನ್ನು ಹುಡುಕಿ, ಮೊದಲ ಸಲ ನಮ್ಮವರು ಎಷ್ಟು ಜನ ಇದ್ದರು ಎಂದು ಕೇಳಿದೆ. ಹನ್ನೊಂದು, ನಾನೇ ಎರಡು ಸಲ ಎಣಿಸಿದೆ ಎಂದರು. ಎರಡು ಸಲ ಯಾಕೆ ಎಂದೆ.

“ಎಡಗಡೆ ತುದಿಯ ಹುಡುಗ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ,” ಎಂದರು. “ಅವನು ಏಳಲಿ ಅಂತ ಕಾದೆ.”

ಆ ಮನುಷ್ಯ ಮೆಲ್ಬರ್ನಿನಲ್ಲಿ ನಮ್ಮ ಪ್ರಾಕ್ಟೀಸ್ ಕಂಡವರಲ್ಲ. ನಮ್ಮ ಹುಡುಗರಲ್ಲಿ ಯಾರಾದರೂ ಹಾಗೆ ಮಾಡಿದಿರಾ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಯಾರೂ ಮಾಡಿರಲಿಲ್ಲ. ಬಿಸಿಲಿಗೆ ಅವರ ಕಣ್ಣು ಕತ್ತಲಿಟ್ಟಿರಬೇಕು, ಲೆಕ್ಕ ತಪ್ಪಿರಬೇಕು ಎಂದು ಎಷ್ಟು ಸಲ ಸಮಾಧಾನ ಹೇಳಿಕೊಂಡೆನೋ! ಲೆಕ್ಕ ತಪ್ಪಬಹುದು. ನೆಲ ಮುಟ್ಟಿದ್ದು ಅವರಿಗೆ ಹೇಗೆ ತಿಳಿಯಿತು?

ಮೆಲ್ಬರ್ನಿಗೆ ವಾಪಸಾದ ಮೇಲೆ ಅವನ ಅವ್ವನಿಗೆ ಫೋನ್ ಮಾಡಿದೆ. ಅವರೇ ಕೇಳಿದರು.

“ಅದೇನೋ ಆಟ ಅಂತಿದ್ನಲ್ಲ ಮಗ, ಅದ್ನ ಒಂದ್ ಸಲನಾರ ಆಡುದ್ನಾ?”

“ಆಡ್ದ ಅಮ್ಮ,” ಎಂದೆ.

“ನೆಲ ಮುಟ್ಕಂಡ್ ಇಳುದ್ನಾ?”

“ಮುಟ್ಕೊಂಡೇ ಇಳಿದ ಅಮ್ಮ.”

ಅವರು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಆ ತಾಯಿಗೆ ಹೇಳಿದ್ದು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಊರಿಗೆ ಹೋದಾಗಲೆಲ್ಲ ಅವರನ್ನು ನೋಡಿ ಬರುತ್ತೇನೆ. ಮನೆಗೆ ಬಂದವರ ಮುಂದೆ, ನನ್ನ ಮಗ ಅಲ್ಲಿ ಆಡಿದ, ಇವನೇ ಕಣ್ಣಾರೆ ನೋಡಿದ್ದಾನೆ ಎಂದು ನನ್ನನ್ನು ತೋರಿಸುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಗುರುತು ಪರಿಚಯವಿಲ್ಲದವರಿಗೆ ಅವನು ಕಂಡ. ಒಂದೇ ತಟ್ಟೆಯಲ್ಲಿ ಉಂಡ ನಾನು ಅಷ್ಟು ಹತ್ತಿರ ನಿಂತು ನೋಡಿದ್ದು ಬರೀ ಹುಲ್ಲು.