ಲಿಂಗ ಹಿಡಿದ ಕೈ ನಡುಗಿದ್ದು

ಅತ್ತೆ, ಪೂಜೆಗೆ ಕೂತಾಗ ನನ್ನ ಕೈ ನಡುಗುತ್ತಿದ್ದುದು ಭಕ್ತಿಯಿಂದಲ್ಲ. ಸಕ್ಕರೆ ಇಳಿದು ನಡುಗುತ್ತಿತ್ತು. ಅದು ನನಗೆ ಮೊದಲ ಸಲವೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಚಿಕ್ಕಂದಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುವವಳು ನಾನು. ಸಕ್ಕರೆ ಕಾಯಿಲೆ ಎಂದರೆ ಸಿಹಿ ತಿನ್ನಬಾರದು — ನಿಮಗೆ ತಿಳಿದದ್ದು ಅಷ್ಟೇ. ಸಕ್ಕರೆ ಇಳಿಯಲೂಬಹುದು, ಇಳಿದರೆ ಜೀವಕ್ಕೇ ಕುತ್ತು ಎಂದು ನಾನಾಗಿ ಹೇಳಲಿಲ್ಲ. ಗೋಕುಲ ರಸ್ತೆಯ ನಮ್ಮ ಮನೆಯಲ್ಲಿ ಲಿಂಗಪೂಜೆ ಆಗುವ ತನಕ ಯಾರೂ ಒಂದು ಗುಟುಕು ಚಹಾ ಕುಡಿಯುವುದಿಲ್ಲ. ಹೊಸ ಸೊಸೆ, ಮೊದಲು ನನಗೆ ತಿನ್ನಲು ಕೊಡಿ ಎನ್ನುವುದು ಹೇಗೆ? ಹೊಟ್ಟೆ ಖಾಲಿ, ರಾತ್ರಿಯ ಇನ್ಸುಲಿನ್ ಮಾತ್ರ ಒಳಗೆ ತನ್ನ ಕೆಲಸ ನಡೆಸಿಯೇ ಇತ್ತು. ಮದುವೆಯಾದ ವರ್ಷದ ಒಂದು ಶ್ರಾವಣ ಸೋಮವಾರ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತಿದ್ದೆ. ಬೆವರು, ನಡುಕ, ಎದೆ ಡವಡವ. ನೀವು ಪಕ್ಕದ ಮನೆಯ ಗಂಗಕ್ಕನನ್ನು ಕೂಗಿ ಕರೆದಿರಿ.

"ಲಗೂ ಬರ್ರಿ, ನಮ್ಮ ಸೊಸಿ ಮ್ಯಾಲ ಶಿವನ ಕೃಪಾ ಆಗೈತಿ!"

ಹೊಗಳಿಕೆಗೆ ಉಬ್ಬಿಹೋದೆ. ಆಮೇಲೆ ಪ್ರತಿ ಸಲವೂ ಪೂಜೆ ಮುಗಿದದ್ದೇ ಅಡುಗೆಮನೆಗೆ ಓಡಿ ಬೆಲ್ಲ ಮುಕ್ಕುತ್ತಿದ್ದೆ. ಇಳಿದದ್ದು ಮುಗಿಲಿಗೆ ಏರುತ್ತಿತ್ತು. ಹೀಗೇ ವರ್ಷಗಳು. ಬರಬರುತ್ತ ಕೆಟ್ಟ ಕುತೂಹಲವೊಂದು ಅಂಟಿಕೊಂಡಿತು — ಸಕ್ಕರೆಗೂ ಎದೆಗೂ ಏನು ನಂಟು? ನನಗೆ ಭಯವೇ ಇಲ್ಲದಾಗ ಹೃದಯ ಯಾರಿಗೆ ಹೆದರಿ ಓಡುತ್ತದೆ?

ಈಚೆಗೆ ಬಡಿತ ನಡುನಡುವೆ ತಪ್ಪಿದಂತಾಗಿ ಡಾಕ್ಟರ ಬಳಿ ಹೋದೆ. ಬಡಿತ ಬರೆದುಕೊಳ್ಳುವ ಯಂತ್ರವನ್ನು ಒಂದು ದಿನ ಎದೆಗೆ ಕಟ್ಟಿದರು. ಸಕ್ಕರೆ ತೋರಿಸುವ ಸೆನ್ಸರ್ ತೋಳಿನಲ್ಲಿತ್ತು. ಎರಡರ ಗೆರೆಗಳನ್ನೂ ಒಂದರ ಕೆಳಗೊಂದಿಟ್ಟು ಬಗ್ಗಿ ನೋಡಿದೆ. ಪೂಜೆಯ ಹೊತ್ತಿಗೆ ಸಕ್ಕರೆ ಕುಸಿದಿತ್ತು, ಅಲ್ಲೇ ಬಡಿತ ತಾಳ ತಪ್ಪಿತ್ತು. ಎಷ್ಟು ಸೊಗಸಾಗಿ ಹೊಂದಿಕೊಂಡಿವೆ ಎಂದು ಬೆರಗಾದೆ — ನಾಚಿಕೆ ಆಮೇಲೆ ಬಂತು.

"ಸಕ್ಕರಿದು ಮೂರು ತಿಂಗಳ ಸರಾಸರಿ ಛಲೋನ ಬರ್ತೈತಲ್ರಿ?" ಎಂದು ಡಾಕ್ಟರನ್ನು ಕೇಳಿದೆ.

"ಸರಾಸರಿ ನೋಡಿ ಮೋಸ ಹೋಗಬ್ಯಾಡ್ರಿ. ಇಳಿದ್ರ ಮೈ ಗಾಬರಿಬಿದ್ದು ಹೃದಯಾನ ಓಡಸ್ತೈತಿ. ಏರಿದ್ರ ರಕ್ತನಾಳಕ್ಕ ತ್ರಾಸ. ಈ ಏರಿಳಿತ ಹೃದಯಕ್ಕ ಛಲೋ ಅಲ್ರಿ."

ನನ್ನ ಹೃದಯದ ಮಾತು ಬಿಡಿ, ಅದು ನಾನೇ ಮಾಡಿಕೊಂಡದ್ದು. ನಿಮ್ಮದು? ಮೊನ್ನೆ ನೀವು ಪೂಜೆಯನ್ನು ಅರ್ಧಕ್ಕೇ ಮುಗಿಸಿ ಎದ್ದಿರಿ.

"ಸಣ್ಣಾಕಿ ಇದ್ದಾಗಿಂದ ಲಿಂಗ ಹಿಡಿದೇನಿ. ಒಂದ್ ದಿನಾನೂ ನನಗ ನಿನಗಾದಂಗ ಆಗಲಿಲ್ಲ. ನನ್ನ ಪೂಜಾದಾಗ ಏನ್ ಕಡಿಮಿ ಐತಿ, ಯವ್ವಾ?"

ಆಗಲೂ ನಾನು ತಲೆ ತಗ್ಗಿಸಿ ಸುಮ್ಮನಿದ್ದೆ. ಅಂದಿನಿಂದ ನೀವು ಲಿಂಗವನ್ನು ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತೀರಿ, ನನಗೆ ಜಾಗ ಬಿಟ್ಟು. ನಿಮ್ಮ ಜೀವಮಾನದ ನಂಬಿಕೆಯನ್ನು ನಾನು ಕದ್ದೆ. ಅದಕ್ಕೆ ನೆಪ ಹುಡುಕಬಾರದು — ಹುಡುಕುವುದಿಲ್ಲ.

ನಾನಾಗಿ ಮಾತು ತೆಗೆಯಲು ಹೋದರೆ ನಾಲಿಗೆ ಮತ್ತೆ ಹಿಂಜರಿಯುತ್ತದೆ. ಅದರ ಗುಣ ನನಗೆ ಗೊತ್ತು. ಆದ್ದರಿಂದ ನಾಳೆ ಪೂಜೆಗೆ ಮೊದಲೇ ನಿಮ್ಮೆದುರಿಗೆ ಕೂತು ರೊಟ್ಟಿ ತಿನ್ನುತ್ತೇನೆ. ಯಾಕೆ ಎಂದು ನೀವು ಕೇಳೇ ಕೇಳುತ್ತೀರಿ.